ಮೊದಲು ಬೆಲ್ಟ್, ಆಮೇಲೆ ಯಂತ್ರ: ಮನೆಯ ಲೋಹಗೆಲಸಕ್ಕೆ ಸಣ್ಣ ಬೆಲ್ಟ್ ಸ್ಯಾಂಡರ್ ಆರಿಸುವ ಬಗೆ

ಬೆಲ್ಟ್ ಸ್ಯಾಂಡರ್ ಕೊಳ್ಳಲು ಹೊರಟವರು ಮೊದಲು ನೋಡುವುದು ಮೋಟಾರಿನ ವ್ಯಾಟ್, ಆಮೇಲೆ ಬೆಲೆ. ಬೆಲ್ಟ್ ಯಾವ ಅಳತೆಯದು, ಅದು ತಮ್ಮ ಊರಿನಲ್ಲಿ ಸಿಗುತ್ತದೆಯೇ ಎಂಬ ಪ್ರಶ್ನೆ ಏಳುವುದು ಪೆಟ್ಟಿಗೆಯ ಜೊತೆ ಬಂದ ಒಂದೇ ಬೆಲ್ಟ್ ಹರಿದ ದಿನ. ಆಗ ಅಂಗಡಿಯಿಂದ ಅಂಗಡಿಗೆ ಅಲೆದು, ಆ ಅಳತೆ ಎಲ್ಲಿಯೂ ಇಲ್ಲವೆಂದು ತಿಳಿದು, ಯಂತ್ರಕ್ಕೆ ಗೋಣಿ ಹೊದಿಸಿ ಮೂಲೆಗಿಡುತ್ತಾರೆ. ಲೋಹವನ್ನು ತಿನ್ನುವುದು ಬೆಲ್ಟ್, ಅಂದರೆ ಚೂಪಾದ ಹರಳು ಅಂಟಿಸಿ ತುದಿ ಸೇರಿಸಿದ ಪಟ್ಟಿ. ಯಂತ್ರ ಅದನ್ನು ನೆಟ್ಟಗೆ, ಸರಿಯಾದ ವೇಗದಲ್ಲಿ ಓಡಿಸುತ್ತದೆ, ಅಷ್ಟೇ. ಹಾಗಾಗಿ ಆಯ್ಕೆಯನ್ನೂ ಬೆಲ್ಟಿನಿಂದಲೇ ಶುರು ಮಾಡೋಣ.

ಹೆಜ್ಜೆ 1: ನಿಮಗೆ ಇದು ಬೇಕೇ?

ನಿಮ್ಮ ಕೆಲಸ ಹೆಚ್ಚಾಗಿ ಗೇಟು, ಗ್ರಿಲ್ಲು, ಮೆಟ್ಟಿಲ ಕಟಕಟೆಗಳ ವೆಲ್ಡಿಂಗ್ ಗಂಟುಗಳನ್ನು ಸವರುವುದಾದರೆ ಬೆಲ್ಟ್ ಸ್ಯಾಂಡರ್ ಬೇಡ. ಆರಡಿಯ ಗೇಟನ್ನು ಎತ್ತಿ ಮೇಜಿನ ಯಂತ್ರಕ್ಕೆ ಹಿಡಿಯಲಾಗುವುದಿಲ್ಲ. ನಾಲ್ಕಿಂಚಿನ ಆ್ಯಂಗಲ್ ಗ್ರೈಂಡರಿಗೆ ಒಂದು ಒಳ್ಳೆಯ ಫ್ಲಾಪ್ ಡಿಸ್ಕ್ (ಎಮರಿ ಪಟ್ಟಿಗಳನ್ನು ಜೋಡಿಸಿದ ಚಕ್ರ) ಹಾಕಿದರೆ ಆ ಕೆಲಸ ಮುಗಿಯುತ್ತದೆ.

ಕೈಯಲ್ಲಿ ಹಿಡಿಯಬಹುದಾದ ತುಂಡುಗಳಿದ್ದಾಗ ಬೆಲ್ಟ್ ಸ್ಯಾಂಡರಿನ ಬೆಲೆ ತಿಳಿಯುತ್ತದೆ. ಹ್ಯಾಕ್‌ಸಾದಲ್ಲಿ ಕತ್ತರಿಸಿದ ಫ್ಲಾಟ್‌ನ (ಚಪ್ಪಟೆ ಕಬ್ಬಿಣದ ಪಟ್ಟಿಯ) ತುದಿಯನ್ನು ನೇರ ಮಾಡುವುದು, ಡ್ರಿಲ್ ಮಾಡಿದ ತೂತಿನ ಅಂಚಿನ ಮುಳ್ಳು ತೆಗೆಯುವುದು, ಲೇತಿನ ಟೂಲ್ ಬಿಟ್‌ಗೆ ಕೋನ ಕೊಡುವುದು, ಹಿತ್ತಾಳೆಯ ಹಿಡಿಕೆಗೆ ದುಂಡು ತರುವುದು, ಈಳಿಗೆ, ಮಚ್ಚು, ಮಲೆನಾಡಿನ ಮನೆಯಾದರೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಇವುಗಳ ಬಾಯಿ ಮಸೆಯುವುದು. ಅರ ಹಿಡಿದು ಅರ್ಧ ಗಂಟೆ ಉಜ್ಜುವ ಅಂಚು ಇಲ್ಲಿ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಬೆಂಚ್ ಗ್ರೈಂಡರಿನ ಕಲ್ಲೂ ಬೇಗ ತಿನ್ನುತ್ತದೆ, ನಿಜ. ಆದರೆ ಆ ಕಲ್ಲು ತಗ್ಗು ಬೀಳಿಸುತ್ತದೆ, ಬೇಗ ಬಿಸಿ ಮಾಡುತ್ತದೆ, ಮಟ್ಟಸವಾದ ಮೇಲ್ಮೈ ಕೊಡುವುದಿಲ್ಲ.

ಕೊಳ್ಳುವ ಮೊದಲು ನೀವು ಮುಂದಿನ ಆರು ತಿಂಗಳಲ್ಲಿ ನಿಜವಾಗಿಯೂ ಮಾಡಲಿರುವ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. "ಮುಂದೆ ಎಂದಾದರೂ ಕತ್ತಿ ಮಾಡುತ್ತೇನೆ" ಎನ್ನುವುದನ್ನು ಆ ಚೀಟಿಗೆ ಸೇರಿಸಬೇಡಿ.

ಹೆಜ್ಜೆ 2: ಬೆಲ್ಟಿನ ಅಳತೆ ಗೊತ್ತು ಮಾಡಿಕೊಳ್ಳಿ

ಮನೆಯ ಕಾರ್ಯಾಗಾರಕ್ಕೆ ಸಲ್ಲುವ ಅಳತೆಗಳು ಹೆಚ್ಚಿಲ್ಲ. ತೀರ ಸಣ್ಣದು 9 ಮಿ.ಮೀ. ಅಗಲ, 533 ಮಿ.ಮೀ. ಉದ್ದದ ಬೆಲ್ಟು ಹಾಕುವ ಕೈ ಯಂತ್ರ. ಮಕಿತಾ 9032 ಈ ಜಾತಿಯದು. ತೂತಿನೊಳಗೆ, ಮೂಲೆಯಲ್ಲಿ, ಪೈಪಿನ ಸಂದಿಯಲ್ಲಿ ಅರದ ಬದಲಿಗೆ ಇದನ್ನು ಬಳಸುತ್ತಾರೆ. ಆ್ಯಂಗಲ್ ಗ್ರೈಂಡರಿಗೆ ಸಿಕ್ಕಿಸುವ ಅಗ್ಗದ ಜೋಡಣೆಗಳೂ ಇದೇ ಕೆಲಸಕ್ಕೆ ಬರುತ್ತವೆ, ಆದರೆ ಕಿವಿಗಡಚಿಕ್ಕುತ್ತವೆ. ಇವು ಎರಡನೆಯ ಯಂತ್ರವಾಗಲು ಯೋಗ್ಯ, ಮೊದಲನೆಯದಾಗಲು ಅಲ್ಲ.

ಮೇಜಿನ ಮೇಲೆ ಕೂರುವ ಯಂತ್ರಗಳಲ್ಲಿ 25×762 ಮಿ.ಮೀ., ಅಂದರೆ ಒಂದಿಂಚು ಅಗಲ ಮೂವತ್ತಿಂಚು ಉದ್ದದ್ದು, ಅತಿ ಸಣ್ಣದು. ಅದರ ಮೇಲೆ 100×915 (ನಾಲ್ಕಿಂಚು ಮೂವತ್ತಾರಿಂಚು), 50×1220 (ಎರಡಿಂಚು ನಲವತ್ತೆಂಟಿಂಚು), ಕೊನೆಗೆ ಕತ್ತಿ ಮಾಡುವವರ ಅಚ್ಚುಮೆಚ್ಚಿನ 50×1830, ಅಂದರೆ ಎರಡಿಂಚು ಎಪ್ಪತ್ತೆರಡಿಂಚು.

ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು. ಒಂದಿಂಚು ಮೂವತ್ತರ ಬೆಲ್ಟಿನಲ್ಲಿ ಒಟ್ಟು 30 ಚದರ ಇಂಚಿನ ಹರಳಿದೆ. ಎರಡಿಂಚು ಎಪ್ಪತ್ತೆರಡರದಲ್ಲಿ 144. ಹರಳು ಸುಮಾರು ಐದು ಪಟ್ಟು, ಬೆಲೆ ಸಾಮಾನ್ಯವಾಗಿ ಐದು ಪಟ್ಟಿಲ್ಲ. ಇನ್ನೊಂದು ಸಂಗತಿ ಬಿಸಿಯದು. ಬೆಲ್ಟ್ ಸೆಕೆಂಡಿಗೆ 15 ಮೀಟರ್ ಓಡುತ್ತಿದ್ದರೆ ಮೂವತ್ತಿಂಚಿನ ಬೆಲ್ಟಿನ ಪ್ರತಿಯೊಂದು ಹರಳೂ ಸೆಕೆಂಡಿಗೆ ಸುಮಾರು 20 ಸಲ ನಿಮ್ಮ ತುಂಡನ್ನು ಕೆರೆಯುತ್ತದೆ. ಎಪ್ಪತ್ತೆರಡಿಂಚಿನದಾದರೆ 8 ಸಲ. ಉದ್ದ ಬೆಲ್ಟಿಗೆ ತಣಿಯಲು ಸಮಯ ಸಿಗುತ್ತದೆ, ಹಾಗಾಗಿಯೇ ಅದು ಹೆಚ್ಚು ದಿನ ಬಾಳುತ್ತದೆ.

ನಾಲ್ಕಿಂಚು ಮೂವತ್ತಾರರದಲ್ಲೂ ಹರಳು 144 ಚದರ ಇಂಚೇ, ಆದ್ದರಿಂದ ಅದೂ ಸಮವಲ್ಲವೇ ಎಂದು ಕೇಳಬಹುದು. ಅಲ್ಲ. ಆ ಯಂತ್ರಗಳು ಹೆಚ್ಚಿನವು ಮರಗೆಲಸದವರಿಗಾಗಿ ಮಾಡಿದವು. ಬೆಲ್ಟ್ ನಿಧಾನ, ಮೋಟಾರ್ ಸಣ್ಣದು. ನಾಲ್ಕಿಂಚು ಅಗಲದ ಪೂರ್ತಿಗೆ ಉಕ್ಕನ್ನು ಒತ್ತಿದರೆ ಬೆಲ್ಟ್ ನಿಂತೇ ಬಿಡುತ್ತದೆ. ಅಗಲವಾದ ಅಲ್ಯೂಮಿನಿಯಂ ತಟ್ಟೆಗಳನ್ನು ಮಟ್ಟ ಮಾಡುವುದೇ ನಿಮ್ಮ ಮುಖ್ಯ ಕೆಲಸವಾದರೆ ಮಾತ್ರ ಇದನ್ನು ನೋಡಿ.

ಇಷ್ಟಾದ ಮೇಲೆ ಅಂಗಡಿಗೆ ಹೋಗಿ. ಯಂತ್ರದ ಅಂಗಡಿಗಲ್ಲ, ಎಮರಿ ಬೆಲ್ಟ್ ಮಾರುವ ಅಂಗಡಿಗೆ. ಬೆಂಗಳೂರಿನಲ್ಲಾದರೆ ಎಸ್.ಪಿ. ರಸ್ತೆಯ ಆಸುಪಾಸು ಅಥವಾ ಪೀಣ್ಯ, ಹುಬ್ಬಳ್ಳಿಯಲ್ಲಾದರೆ ಗೋಕುಲ ರಸ್ತೆ, ಬೆಳಗಾವಿಯಲ್ಲಾದರೆ ಉದ್ಯಮಬಾಗ್. ಎರಡು ಪ್ರಶ್ನೆ ಕೇಳಿ. ಈ ಅಳತೆಯಲ್ಲಿ 60, 120, 240 ನಂಬರಿನ ಬೆಲ್ಟ್ ಇದೆಯೇ? (ನಂಬರು ಹೆಚ್ಚಿದಷ್ಟೂ ಹರಳು ಸಣ್ಣದು.) ಇಲ್ಲದಿದ್ದರೆ ರೋಲಿನಿಂದ ಕತ್ತರಿಸಿ ಅಂಟಿಸಿ ಕೊಡುವಿರಾ, ಕನಿಷ್ಠ ಎಷ್ಟು ಕೊಳ್ಳಬೇಕು? ಕೈಗಾರಿಕಾ ಪ್ರದೇಶಗಳಲ್ಲಿ ಹೀಗೆ ಅಳತೆಗೆ ತಕ್ಕಂತೆ ಮಾಡಿಕೊಡುವವರು ಇರುತ್ತಾರೆ. ಉತ್ತರ ಸಮಾಧಾನಕರವಾಗಿದ್ದರೆ ಮಾತ್ರ ಆ ಅಳತೆಯ ಯಂತ್ರವನ್ನು ಹುಡುಕಿ. ಅಂತರ್ಜಾಲದಲ್ಲಿ ತರಿಸಿಕೊಳ್ಳಬಹುದಲ್ಲ ಎನ್ನುವಿರಾದರೆ, ತರಿಸಿಕೊಳ್ಳಬಹುದು; ಆದರೆ ಭಾನುವಾರ ಮಧ್ಯಾಹ್ನ ಕೆಲಸದ ನಡುವೆ ಬೆಲ್ಟ್ ಹರಿದಾಗ ಅದು ನೆರವಿಗೆ ಬರುವುದಿಲ್ಲ.

ಹೆಜ್ಜೆ 3: ವೇಗವನ್ನು ನೀವೇ ಲೆಕ್ಕ ಹಾಕಿ

ಅನೇಕ ಯಂತ್ರಗಳ ಪೆಟ್ಟಿಗೆಯ ಮೇಲೆ ಮೋಟಾರಿನ ಆರ್‌ಪಿಎಂ ಬರೆದಿರುತ್ತದೆ, ಬೆಲ್ಟಿನ ವೇಗ ಬರೆದಿರುವುದಿಲ್ಲ. ಬೇಕಾದದ್ದು ಎರಡನೆಯದು. ಬೆಲ್ಟನ್ನು ಎಳೆಯುವ ಗಾಲಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, 3.14ರಿಂದ ಗುಣಿಸಿ, ಆರ್‌ಪಿಎಂನಿಂದ ಗುಣಿಸಿ, 60,000ದಿಂದ ಭಾಗಿಸಿ. ಬರುವುದು ಸೆಕೆಂಡಿಗೆ ಎಷ್ಟು ಮೀಟರ್ ಎಂಬ ಲೆಕ್ಕ.

ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಎರಡು ಪೋಲಿನ (ಕಾಂತಧ್ರುವದ) ಮೋಟಾರ್ ಸುಮಾರು 2,850 ಆರ್‌ಪಿಎಂ ತಿರುಗುತ್ತದೆ, ನಾಲ್ಕು ಪೋಲಿನದು ಸುಮಾರು 1,440. ಮೊದಲನೆಯದಕ್ಕೆ 100 ಮಿ.ಮೀ. ಗಾಲಿ ಹಾಕಿದರೆ ಬೆಲ್ಟ್ ಸೆಕೆಂಡಿಗೆ 15 ಮೀಟರ್ ಓಡುತ್ತದೆ; 150 ಮಿ.ಮೀ. ಹಾಕಿದರೆ 22 ಮೀಟರ್. ಎರಡನೆಯದಕ್ಕೆ 150 ಮಿ.ಮೀ. ಹಾಕಿದರೆ 11 ಮೀಟರ್.

ಮನೆಯ ಕೆಲಸಕ್ಕೆ ನನ್ನ ಅಂದಾಜು ಹೀಗಿದೆ. ಉಕ್ಕನ್ನು ಒರಟಾಗಿ ತಿನ್ನಿಸಲು 15ರಿಂದ 25 ಮೀಟರ್ ಬೇಕು. ಮುಗಿತಾಯದ ನಯಗೆಲಸಕ್ಕೆ, ಹದ ಹಾಕಿದ ಅಲಗಿಗೆ, ಪ್ಲಾಸ್ಟಿಕ್ ಅಥವಾ ಮರದ ಹಿಡಿಗೆ 5ರಿಂದ 10 ಮೀಟರ್ ಸಾಕು. ಹದ ಹಾಕಿದ ಸಾಮಾನ್ಯ ಇಂಗಾಲದ ಉಕ್ಕು ಸುಮಾರು 220 ಡಿಗ್ರಿಗೆ ಬಂದಾಗ ತಿಳಿ ಹಳದಿ ಬಣ್ಣಕ್ಕೆ ತಿರುಗುತ್ತದೆ. 300 ಡಿಗ್ರಿಯ ಸಮೀಪ ನೀಲಿಯಾಗುತ್ತದೆ. ನೀಲಿಯಾದ ಅಂಚಿನ ಹದ ಹೋಯಿತೆಂದೇ ಲೆಕ್ಕ, ಆ ಭಾಗವನ್ನು ಉಜ್ಜಿ ತೆಗೆಯದೆ ವಿಧಿಯಿಲ್ಲ. ತೆಳುವಾದ ಅಲಗಿನ ತುದಿ ವೇಗದ ಬೆಲ್ಟಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿಯಾಗುತ್ತದೆ. ಲೇತಿನ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಬಿಟ್ ಮಾತ್ರ ಈ ಬಿಸಿಗೆ ಜಗ್ಗುವುದಿಲ್ಲ. ಅದು 500 ಡಿಗ್ರಿಯನ್ನೂ ತಾಳುತ್ತದೆ.

ಹಾಗಾಗಿ ಅಲಗಿನ ಕೆಲಸ ನಿಮ್ಮ ಚೀಟಿಯಲ್ಲಿದ್ದರೆ ವೇಗ ಬದಲಿಸುವ ಅನುಕೂಲವಿರುವ ಯಂತ್ರವನ್ನೇ ಕೊಳ್ಳಿ. ಅಗ್ಗದ ದಾರಿ ಮೆಟ್ಟಿಲು ಪುಲಿ (ಬೇರೆ ಬೇರೆ ವ್ಯಾಸದ ಮೆಟ್ಟಿಲುಗಳಿರುವ ಗಾಲಿ) ಮತ್ತು ವಿ-ಬೆಲ್ಟ್. ಎರಡು ಮೂರು ವೇಗ ಸಿಗುತ್ತವೆ. ಚೆನ್ನಾದ ದಾರಿ ಮೂರು ಫೇಸಿನ ಮೋಟಾರಿಗೆ ವಿಎಫ್‌ಡಿ, ಅಂದರೆ ವಿದ್ಯುತ್ತಿನ ಹರ್ಟ್ಸ್ ಬದಲಿಸಿ ವೇಗ ಏರಿಳಿಸುವ ಉಪಕರಣ, ಜೋಡಿಸುವುದು. ಮನೆಯ ಸಿಂಗಲ್ ಫೇಸ್ 230 ವೋಲ್ಟನ್ನು ತೆಗೆದುಕೊಂಡು ಮೂರು ಫೇಸ್ ಕೊಡುವ ವಿಎಫ್‌ಡಿಗಳು ಸುಲಭವಾಗಿ ಸಿಗುತ್ತವೆ. ಆದರೆ ಅವು ಕೊಡುವುದು 230 ವೋಲ್ಟಿನ ಮೂರು ಫೇಸ್. ನಮ್ಮಲ್ಲಿ ಮಾರುವ ಎಷ್ಟೋ ಸಣ್ಣ ಮೋಟಾರುಗಳು 415 ವೋಲ್ಟಿಗೆ ಸ್ಟಾರ್ ಎಂಬ ತಂತಿ ಜೋಡಣೆಯಲ್ಲಿ ಬರುತ್ತವೆ. ಡೆಲ್ಟಾ ಎಂಬ ಇನ್ನೊಂದು ಜೋಡಣೆಗೆ ಬದಲಿಸಿ 230 ವೋಲ್ಟಿನಲ್ಲಿ ಓಡಿಸಬಹುದೇ ಎಂದು ಮೋಟಾರಿನ ಫಲಕ ನೋಡಿ, ಟರ್ಮಿನಲ್ ಪೆಟ್ಟಿಗೆಯಲ್ಲಿ ಆರು ತಂತಿಯ ತುದಿಗಳಿವೆಯೇ ಎಂದು ಖಚಿತಪಡಿಸಿಕೊಂಡು ಕೊಳ್ಳಿ. ಸಿಂಗಲ್ ಫೇಸ್ ಕೆಪಾಸಿಟರ್ ಮೋಟಾರಿನ ವೇಗವನ್ನು ಫ್ಯಾನ್ ರೆಗ್ಯುಲೇಟರಿನಿಂದ ಇಳಿಸಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮೋಟಾರ್ ಸುಡುತ್ತದೆ.

ಹೆಜ್ಜೆ 4: ಮೋಟಾರಿನ ಫಲಕ ಓದಿ

ಒಂದಿಂಚು ಅಗಲಕ್ಕೆ ಒಂದು ಎಚ್‌ಪಿ ಎನ್ನುವುದು ಲೋಹದವರ ನಡುವಿನ ಹಳೆಯ ಲೆಕ್ಕ. ಒಂದಿಂಚಿನ ಸಣ್ಣ ಯಂತ್ರಗಳು ಮೂರನೇ ಒಂದು ಅಥವಾ ಅರ್ಧ ಎಚ್‌ಪಿಯಲ್ಲೇ ಬರುತ್ತವೆ. ಅಂಚು ಸವರಲು, ಮಸೆಯಲು ಅಷ್ಟು ನಡೆಯುತ್ತದೆ. ಎರಡಿಂಚು ಎಪ್ಪತ್ತೆರಡರದಕ್ಕೆ ಒಂದೂವರೆಯಿಂದ ಎರಡು ಎಚ್‌ಪಿ ಇರಲಿ.

ಜಾಹೀರಾತಿನ ಎಚ್‌ಪಿಯನ್ನು ಮಾತ್ರ ಹಾಗೆಯೇ ಒಪ್ಪಬೇಡಿ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಫಲಕದ ಮೇಲೆ 230 ವೋಲ್ಟ್, 2.2 ಆ್ಯಂಪಿಯರ್ ಎಂದು ಬರೆದಿದ್ದರೆ ಅದು ಒಳಗೆ ಎಳೆದುಕೊಳ್ಳುವುದೇ ಹೆಚ್ಚೆಂದರೆ 506 ವ್ಯಾಟ್. ಒಳಗೆ ಬಂದದ್ದಕ್ಕಿಂತ ಹೆಚ್ಚು ಹೊರಗೆ ಕೊಡುವ ಮೋಟಾರ್ ಇನ್ನೂ ಹುಟ್ಟಿಲ್ಲ. ಅಂಗಡಿಯಲ್ಲಿ ನಿಂತು ಈ ಗುಣಾಕಾರವೊಂದನ್ನು ಮಾಡಿದರೆ ಅರ್ಧಕ್ಕರ್ಧ ಜಾಹೀರಾತುಗಳು ಬಿದ್ದುಹೋಗುತ್ತವೆ.

ಅದೇ ಫಲಕದಲ್ಲಿ ಎಸ್1 ಅಥವಾ ಎಸ್2 ಎಂಬ ಗುರುತು ಹುಡುಕಿ. ಎಸ್1 ಇದ್ದರೆ ಮೋಟಾರನ್ನು ಬಿಡುವಿಲ್ಲದೆ ಓಡಿಸಬಹುದು. "ಎಸ್2 30 ನಿಮಿಷ" ಎಂದಿದ್ದರೆ ಅರ್ಧ ಗಂಟೆ ಓಡಿಸಿ ಪೂರ್ತಿ ತಣಿಯಲು ಬಿಡಬೇಕು. ಸಣ್ಣ ಮೇಜಿನ ಯಂತ್ರಗಳಲ್ಲಿ ಎಸ್2 ಸಾಮಾನ್ಯ. ಮನೆಗೆ ಅದು ದೊಡ್ಡ ದೋಷವಲ್ಲ, ಗೊತ್ತಿರಬೇಕು ಅಷ್ಟೇ. ಮೋಟಾರ್ ಪೂರ್ತಿ ಮುಚ್ಚಿದ್ದಾಗಿರಬೇಕು ಎನ್ನುವುದರಲ್ಲಿ ಮಾತ್ರ ರಾಜಿ ಬೇಡ. ಗಾಳಿಕಿಂಡಿ ತೆರೆದಿರುವ ಮೋಟಾರ್ ಕಬ್ಬಿಣದ ದೂಳನ್ನು ಒಳಗೆಳೆದುಕೊಳ್ಳುತ್ತದೆ, ಆ ದೂಳು ಸುರುಳಿಗಳ ನಡುವೆ ಕೂತು ಶಾರ್ಟ್ ಮಾಡುತ್ತದೆ. ಮರದ ಕೆಲಸದ ಕೈ ಸ್ಯಾಂಡರನ್ನು ತಲೆಕೆಳಗಾಗಿ ವೈಸಿಗೆ ಕಚ್ಚಿಸಿ ಉಕ್ಕು ಉಜ್ಜುವುದನ್ನು ನಾನು ಒಪ್ಪದಿರಲು ಒಂದು ಕಾರಣ ಇದು. ಇನ್ನೊಂದು ಕಾರಣ ಅದರ ದೂಳಿನ ಚೀಲ: ಒಳಗೆ ಮರದ ಪುಡಿ, ಮೇಲಿಂದ ಉಕ್ಕಿನ ಕಿಡಿ.

ವಿದೇಶದಿಂದ ಬಂಧುಗಳ ಕೈಯಲ್ಲಿ ತರಿಸುವವರಿಗೆ ಒಂದು ಮಾತು. ಅಮೆರಿಕದ ಯಂತ್ರಗಳು 120 ವೋಲ್ಟ್, 60 ಹರ್ಟ್ಸ್‌ನವು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೂ ನಮ್ಮ 50 ಹರ್ಟ್ಸ್‌ನಲ್ಲಿ ಅದು ಆರನೇ ಒಂದು ಭಾಗ ನಿಧಾನವಾಗಿ, ಹೆಚ್ಚು ಬಿಸಿಯಾಗಿ ಓಡುತ್ತದೆ.

ಹೆಜ್ಜೆ 5: ಮೈಕಟ್ಟು ಪರೀಕ್ಷಿಸಿ

ಬೆಲ್ಟಿನ ಹಿಂದೆ ಆಸರೆಯಾಗಿ ನಿಲ್ಲುವ ಚಪ್ಪಟೆ ತಟ್ಟೆಗೆ ಪ್ಲೇಟನ್ ಎನ್ನುತ್ತಾರೆ. ಅದರ ಮೇಲೆ ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಿಡಿದು ನೋಡಿ. ಬೆಳಕು ನುಸುಳಿದರೆ ತಟ್ಟೆ ಡೊಂಕು. ನೀವು ಉಜ್ಜುವುದೆಲ್ಲವೂ ಹಾಗೆಯೇ ಬರುತ್ತದೆ. ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೆ ಬಾಗುವ ತಗಡಿನ ಪ್ಲೇಟನ್ ಇರುವ ಯಂತ್ರವನ್ನು ಅಲ್ಲೇ ಬಿಟ್ಟು ಬನ್ನಿ. ಸವೆದಾಗ ಬಿಚ್ಚಿ ಬದಲಿಸಬಹುದೇ ಎಂದೂ ನೋಡಿ, ಏಕೆಂದರೆ ಅದು ಸವೆದೇ ಸವೆಯುತ್ತದೆ. ಪ್ಲೇಟನನ್ನು ಪೂರ್ತಿ ತೆಗೆದಿಟ್ಟು ಬರಿಯ ಬೆಲ್ಟಿನ ಮೇಲೂ ಉಜ್ಜುವಂತಿದ್ದರೆ ದುಂಡು ಅಂಚುಗಳಿಗೆ ಬಹಳ ಅನುಕೂಲ.

ತುಂಡನ್ನು ಇಡುವ ಮೇಜು ಎರಕದ ಕಬ್ಬಿಣದ್ದೋ ದಪ್ಪ ತಟ್ಟೆಯದೋ ಆಗಿರಬೇಕು. ಮೂಲೆಮಟ್ಟ ಇಟ್ಟು ಬೆಲ್ಟಿಗೆ ಲಂಬವಾಗಿ ನಿಲ್ಲಿಸಿ ಬಿಗಿ ಮಾಡಿ, ಆಮೇಲೆ ಅಂಗೈಯಿಂದ ಒತ್ತಿ ನೋಡಿ. ಜಾರಬಾರದು. ಮೇಜಿಗೂ ಬೆಲ್ಟಿಗೂ ನಡುವೆ 2–3 ಮಿ.ಮೀ.ಗಿಂತ ಹೆಚ್ಚು ಸಂದಿ ಉಳಿಯಬಾರದು. ಹೆಚ್ಚಿದ್ದರೆ ಸಣ್ಣ ತುಂಡು ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆಯೇ ಬೆರಳು.

ಇನ್ನು ಬೆಲ್ಟ್ ಪಕ್ಕಕ್ಕೆ ಸರಿಯದಂತೆ ನೋಡಿಕೊಳ್ಳುವ ತಿರುಪು. ಬೆಲ್ಟ್ ನಡುವಿನಲ್ಲೇ ಓಡಲು ಒಂದು ಗಾಲಿಯ ಮಧ್ಯಭಾಗ ಸ್ವಲ್ಪ ಉಬ್ಬಿರುತ್ತದೆ, ಅದನ್ನು ತಿರುಪಿನಿಂದ ಓರೆ ಮಾಡಬಹುದು. ಯಂತ್ರವನ್ನು ಅಂಗಡಿಯಲ್ಲೇ ಓಡಿಸಲು ಹೇಳಿ. ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಬೆಲ್ಟ್ ನಿಧಾನವಾಗಿ ಸರಿದು ಹೊಸ ಜಾಗದಲ್ಲಿ ನಿಲ್ಲಬೇಕು. ಮುಟ್ಟಿದೊಡನೆ ಹಾರಿಹೋದರೆ, ಅಥವಾ ಎಷ್ಟು ತಿರುಗಿಸಿದರೂ ಅಲುಗಾಡದಿದ್ದರೆ, ಗಾಲಿಗಳು ಒಂದೇ ಸಾಲಿನಲ್ಲಿಲ್ಲ. ಒಂದು ಮರದ ತುಂಡನ್ನು ಗಟ್ಟಿಯಾಗಿ ಒತ್ತಿಯೂ ನೋಡಿ; ಒತ್ತಡಕ್ಕೆ ಬೆಲ್ಟ್ ಪಕ್ಕಕ್ಕೆ ಓಡಬಾರದು. ಬೆಲ್ಟ್ ಬದಲಿಸಲು ಸ್ಪ್ಯಾನರ್ ಹುಡುಕಬೇಕಾದ ಯಂತ್ರವೂ ಬೇಡ. ಒಂದು ತುಂಡಿಗೆ ಮೂರು ನಾಲ್ಕು ಬೆಲ್ಟ್ ಬದಲಿಸಬೇಕಾಗುತ್ತದೆ, ಸನ್ನೆ ಒತ್ತಿದರೆ ಸಡಿಲವಾಗುವಂತಿರಲಿ.

ಸ್ಥಳೀಯ ಫ್ಯಾಬ್ರಿಕೇಟರಿಂದ ಮಾಡಿಸುವವರು ಇದೇ ಪರೀಕ್ಷೆಗಳನ್ನು ಮಾಡಬಹುದು. ಗಾಲಿಗಳನ್ನು ಮಾತ್ರ ಒಳ್ಳೆಯ ಟರ್ನರ್ ಕೈಯಲ್ಲಿ ಮಾಡಿಸಿ, ಮುಚ್ಚಿದ ಬೇರಿಂಗ್ ಹಾಕಿಸಿ. ಚೌಕಟ್ಟು ಎಷ್ಟೇ ಒರಟಾಗಿದ್ದರೂ ನಡೆಯುತ್ತದೆ, ಗಾಲಿ ಓಲಾಡಿದರೆ ಯಂತ್ರವೇ ವ್ಯರ್ಥ.

ಹೆಜ್ಜೆ 6: ಕರೆಂಟು ಮತ್ತು ಜಾಗ

ಒಂದು ಎಚ್‌ಪಿಯ ಮೋಟಾರ್ ಓಡುವಾಗ ಐದಾರು ಆ್ಯಂಪಿಯರ್ ಎಳೆದರೂ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. 16 ಆ್ಯಂಪಿಯರಿನ ಪಾಯಿಂಟ್, ಸರಿಯಾದ ಅರ್ಥಿಂಗ್, ಆ ಕ್ಷಣದ ಸೆಳೆತ ತಾಳುವ ಸಿ ಬಗೆಯ ಎಂಸಿಬಿ ಇರಲಿ. ಹಿತ್ತಿಲ ಕೊಟ್ಟಿಗೆಗೆ ತೆಳ್ಳನೆಯ ಉದ್ದ ವೈರಿನಲ್ಲಿ ಕರೆಂಟು ಎಳೆದರೆ ವೋಲ್ಟೇಜ್ ಕುಸಿದು ಮೋಟಾರ್ ಗುಂಯ್ ಎನ್ನುತ್ತಾ ನಿಂತಲ್ಲೇ ಕಾಯುತ್ತದೆ. ವಿಎಫ್‌ಡಿ ಹಾಕಿದರೆ ಕೆಲವೊಮ್ಮೆ ಮನೆಯ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಕಾರಣವಿಲ್ಲದೆ ಬೀಳುವುದುಂಟು. ಎಲೆಕ್ಟ್ರಿಷಿಯನ್‌ಗೆ ಮೊದಲೇ ತಿಳಿಸಿ. ಅದು ಬೀಳುತ್ತದೆಂದು ಅದನ್ನೇ ತೆಗೆಸಬೇಡಿ.

ನಮ್ಮ ಕಡೆಯವರು ತಪ್ಪದೆ ಕೇಳಬೇಕಾದ ಇನ್ನೊಂದು ಸಂಗತಿ ಸ್ವಿಚ್ಚಿನದು. ಕರೆಂಟು ಹೋದಾಗ ತಾನೇ ಬಿಟ್ಟುಕೊಂಡು, ಮತ್ತೆ ಬಂದಾಗ ನೀವು ಒತ್ತುವವರೆಗೆ ಶುರುವಾಗದ ಸ್ವಿಚ್ ಬೇಕು. ನೋ-ವೋಲ್ಟ್ ಸ್ವಿಚ್ ಎಂದು ಕೇಳಿದರೆ ಕೊಡುತ್ತಾರೆ. ಮಾಮೂಲಿ ಸ್ವಿಚ್ ಇರುವ ಯಂತ್ರದಲ್ಲಿ ಕರೆಂಟು ಹೋಗುತ್ತದೆ, ನೀವು ಬೆಲ್ಟ್ ಬದಲಿಸಲು ಕೈ ಹಾಕುತ್ತೀರಿ, ಕರೆಂಟು ಬರುತ್ತದೆ. ಕೊಂಡ ಯಂತ್ರದಲ್ಲಿ ಅಂಥ ಸ್ವಿಚ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಹೆಜ್ಜೆ 7: ಹರಳು ಮತ್ತು ನಂಬರು

ಬೆಲ್ಟಿನ ಹರಳು ಮೂರು ಬಗೆಯದು ಸಾಕು ನಮಗೆ. ಕಂದು ಬಣ್ಣದ ಅಲ್ಯೂಮಿನಿಯಂ ಆಕ್ಸೈಡ್ ಅಗ್ಗ, ಎಲ್ಲದಕ್ಕೂ ನಡೆಯುತ್ತದೆ, ಉಕ್ಕಿನ ಮೇಲೆ ಬೇಗ ಮೊಂಡಾಗುತ್ತದೆ. ಜಿರ್ಕೋನಿಯಾ ಉಕ್ಕಿಗೂ ಸ್ಟೇನ್‌ಲೆಸ್ ಸ್ಟೀಲಿಗೂ ಹೇಳಿ ಮಾಡಿಸಿದ್ದು. ಸೆರಾಮಿಕ್ ದುಬಾರಿ, ಬಾಳಿಕೆ ಹೆಚ್ಚು. ಆದರೆ ಕೊನೆಯ ಎರಡೂ ಬಗೆಗಳ ಗುಟ್ಟು ಒತ್ತಡದಲ್ಲಿದೆ: ಗಟ್ಟಿಯಾಗಿ ಒತ್ತಿದಾಗ ಹರಳು ಸಣ್ಣಗೆ ಒಡೆದು ಹೊಸ ಚೂಪು ತೆರೆದುಕೊಳ್ಳುತ್ತದೆ. ಅರ್ಧ ಎಚ್‌ಪಿಯ ಯಂತ್ರದಲ್ಲಿ ಅಷ್ಟು ಒತ್ತಲಾಗುವುದಿಲ್ಲ, ಹರಳು ಒಡೆಯದೆ ಹೊಳಪಾಗಿ ಕೂರುತ್ತದೆ. ಸಣ್ಣ ಯಂತ್ರಕ್ಕೆ ಸೆರಾಮಿಕ್ ಬೆಲ್ಟ್ ಕೊಳ್ಳುವುದು ದುಡ್ಡು ದಂಡ. ಅದಕ್ಕೆ ಜಿರ್ಕೋನಿಯಾದಲ್ಲಿ 60, ಉಳಿದವು ಅಲ್ಯೂಮಿನಿಯಂ ಆಕ್ಸೈಡಿನಲ್ಲಿ ಇರಲಿ.

ಮೊದಲ ಖರೀದಿಗೆ 60, 120, 240 ನಂಬರಿನವು ಸಾಕು. ಅಲಗು ಮಾಡುವವರು 36ನ್ನೂ 400ನ್ನೂ ಸೇರಿಸಿಕೊಳ್ಳಲಿ. 60 ಹೆಚ್ಚು ತೆಗೆದುಕೊಳ್ಳಿ, ಕೆಲಸದ ಬಹುಪಾಲು ಅದರ ಮೇಲೆಯೇ ಬೀಳುತ್ತದೆ. ಯಂತ್ರಕ್ಕೆಂದು ಇಟ್ಟ ಹಣದಲ್ಲಿ ನಾಲ್ಕನೇ ಒಂದು ಭಾಗವನ್ನಾದರೂ ಬೆಲ್ಟಿಗೆ ತೆಗೆದಿಡಿ ಎಂಬುದು ನನ್ನ ಸಲಹೆ. ಸ್ಟೇನ್‌ಲೆಸ್ ಸ್ಟೀಲಿಗೆ ಬೇರೆಯೇ ಬೆಲ್ಟ್ ಇರಲಿ; ಸಾಮಾನ್ಯ ಕಬ್ಬಿಣ ಉಜ್ಜಿದ ಬೆಲ್ಟನ್ನು ಅದಕ್ಕೆ ಹಾಕಿದರೆ ಕಬ್ಬಿಣದ ಕಣ ಅಂಟಿ ಕೆಲವೇ ದಿನಗಳಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಅಲ್ಯೂಮಿನಿಯಂ ಲೋಹ ಬೆಲ್ಟಿನ ಹರಳುಗಳ ನಡುವೆ ಮೆತ್ತಿಕೊಳ್ಳುತ್ತದೆ, ಉಜ್ಜುವ ಮೊದಲು ಬೆಲ್ಟಿಗೆ ಸ್ವಲ್ಪ ಮೇಣ ಸವರಿ. ಮೆತ್ತಿದ್ದನ್ನು ಕ್ರೇಪ್ ರಬ್ಬರಿನ ಕಡ್ಡಿಯಿಂದ ತೆಗೆಯಬಹುದು. ಉಕ್ಕಿನಿಂದ ಮೊಂಡಾದ ಬೆಲ್ಟಿಗೆ ಆ ಕಡ್ಡಿ ಪ್ರಯೋಜನವಿಲ್ಲ.

ಬೆಲ್ಟಿನ ಒಳಮೈಯಲ್ಲಿ ಬಾಣದ ಗುರುತಿದ್ದರೆ ಬೆಲ್ಟ್ ಓಡುವ ದಿಕ್ಕಿಗೇ ಬಾಣ ಇರುವಂತೆ ಹಾಕಿ, ಇಲ್ಲವಾದರೆ ಜೋಡಣೆ ಬಿಡುತ್ತದೆ.

ಹೆಜ್ಜೆ 8: ದೂಳು, ಕಿಡಿ, ಬಟ್ಟೆ

ಲೋಹದ ಸಣ್ಣ ದೂಳು ಕಣ್ಣಿಗೆ ಕಾಣುವುದಿಲ್ಲ, ಶ್ವಾಸಕೋಶಕ್ಕೆ ನೇರ ಇಳಿಯುತ್ತದೆ. ಸ್ಟೇನ್‌ಲೆಸ್‌ನದರಲ್ಲಿ ಕ್ರೋಮಿಯಂ, ನಿಕ್ಕಲ್ ಕೂಡ ಇರುತ್ತವೆ. ಬಟ್ಟೆಯ ಮಾಸ್ಕ್ ಸಾಲದು, ಐಎಸ್ 9473 ಗುರುತಿರುವ ಎಫ್‌ಎಫ್‌ಪಿ2 ಮಾಸ್ಕ್ ಕೊಳ್ಳಿ. ಪಕ್ಕ ಮುಚ್ಚುವ ಕನ್ನಡಕವೂ ಕಿವಿಗೆ ರಕ್ಷಣೆಯೂ ಬೇಕು. ಲುಂಗಿ, ಸೆರಗು, ದುಪಟ್ಟಾ, ಕೊರಳ ಸರ, ಬಿಟ್ಟ ಕೂದಲು ಯಾವುದೂ ಯಂತ್ರದ ಹತ್ತಿರ ಸುಳಿಯಬಾರದು. ಸಡಿಲ ಕೈಗವಸೂ ಬೇಡ. ಬಿಸಿಯಾದರೆ ತುಂಡನ್ನು ನೀರಿಗೆ ಅದ್ದಿ. ಬರಿಗೈಯಾದರೆ ಬಿಸಿ ಎಷ್ಟೆಂದು ಬೆರಳೇ ಹೇಳುತ್ತದೆ, ಅಲಗಿನ ಹದ ಉಳಿಯುವುದೂ ಅದರಿಂದಲೇ.

ಬೆಲ್ಟ್ ಕೆಳಮುಖವಾಗಿ ಓಡುವ ಯಂತ್ರದ ಅಡಿಗೆ ನೀರು ತುಂಬಿದ ಬಕೆಟ್ ಇಟ್ಟರೆ ಉಕ್ಕಿನ ಕಿಡಿಗಳು ಬಹುಪಾಲು ಅದರೊಳಗೆ ಬೀಳುತ್ತವೆ. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಯಂತ್ರಕ್ಕೆ ಜೋಡಿಸಬೇಡಿ, ಕಿಡಿ ನೇರ ಅದರ ಚೀಲಕ್ಕೆ ಹೋಗುತ್ತದೆ. ಎಲ್ಲಕ್ಕಿಂತ ಅಪಾಯದ್ದು ಅಲ್ಯೂಮಿನಿಯಂ ಪುಡಿ ಮತ್ತು ಕಬ್ಬಿಣದ ತುಕ್ಕಿನ ಪುಡಿ ಒಂದೆಡೆ ಸೇರುವುದು. ರೈಲ್ವೆ ಹಳಿ ಬೆಸೆಯುವ ಥರ್ಮಿಟ್ ಮಿಶ್ರಣದ ಮೂಲ ಸಾಮಗ್ರಿಗಳು ಇವೇ. ಒಂದು ಲೋಹದಿಂದ ಇನ್ನೊಂದಕ್ಕೆ ಹೋಗುವ ಮೊದಲು ಯಂತ್ರವನ್ನೂ ಸುತ್ತಲ ನೆಲವನ್ನೂ ಗುಡಿಸಿ. ಮೆಗ್ನೀಸಿಯಂ ತುಂಡುಗಳನ್ನಂತೂ ಮನೆಯಲ್ಲಿ ಉಜ್ಜಲೇಬೇಡಿ.

ಹೆಜ್ಜೆ 9: ಯಂತ್ರ ಮನೆಗೆ ಬಂದ ಮೇಲೆ

ಮೊದಲು ಮೇಜಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಬೆಲ್ಟ್ ಹಾಕದೆ ಕೆಲವು ನಿಮಿಷ ಓಡಿಸಿ ಬೇರಿಂಗಿನ ಸದ್ದು ಕೇಳಿ, ಆಮೇಲೆ ಪ್ಲಗ್ ಕಿತ್ತಿಟ್ಟು ಬೆಲ್ಟ್ ಹಾಕಿ, ಕೈಯಿಂದ ತಿರುಗಿಸಿ ನಡುವೆ ನಿಲ್ಲಿಸಿ. ಓಡಿಸುವಾಗ ಮೊದಲ ಕ್ಷಣಗಳಲ್ಲಿ ಬೆಲ್ಟಿನ ನೇರಕ್ಕೆ ನಿಲ್ಲಬೇಡಿ. ಒಂದು ಎಂ.ಎಸ್. (ಮೈಲ್ಡ್ ಸ್ಟೀಲ್) ಫ್ಲಾಟ್ ತುಂಡನ್ನು ಉಜ್ಜಿ ಮೂಲೆಮಟ್ಟದಲ್ಲಿ ನೋಡಿ, ಮೇಜನ್ನು ಮತ್ತೆ ಸರಿಪಡಿಸಿ.

ಬೆಲ್ಟುಗಳನ್ನು ಮಡಿಸಿಡಬೇಡಿ, ಮಡಿಕೆ ಬಿದ್ದ ಜಾಗದಲ್ಲೇ ಅವು ಹರಿಯುತ್ತವೆ. ದಪ್ಪ ಪೈಪಿನ ತುಂಡೊಂದನ್ನು ಗೋಡೆಗೆ ಹೊಡೆದು ಅದಕ್ಕೆ ನೇತುಹಾಕಿ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ತೇವ ಹೀರಿದ ಬೆಲ್ಟ್ ಸುರುಳಿಯಾಗಿ ಪಕ್ಕಕ್ಕೆ ಎಳೆಯುತ್ತದೆ, ಹಾಗಾಗಿ ಅಲ್ಲಿನವರು ಒಳಗಿನ ಒಣ ಕೋಣೆಯಲ್ಲಿಟ್ಟು ಬೇಕಾದಾಗ ಮಾತ್ರ ಹೊರತರುವುದು ಒಳ್ಳೆಯದು. ಮೊಂಡಾದ 120 ನಂಬರಿನ ಬೆಲ್ಟನ್ನು ಎಸೆಯುವ ಮೊದಲು ಕತ್ತರಿಸಿ ಪಟ್ಟಿ ಮಾಡಿಕೊಳ್ಳಿ. ಪೈಪು, ಸರಳುಗಳನ್ನು ವೈಸಿನಲ್ಲಿ ಕಚ್ಚಿಸಿ, ಪಟ್ಟಿಯ ಎರಡು ತುದಿ ಹಿಡಿದು ಹಿಂದೆ ಮುಂದೆ ಎಳೆದರೆ ಕೈಯಿಂದಲೇ ಒಳ್ಳೆಯ ನಯ ಬರುತ್ತದೆ.